ಮಾಡಿದ ಕೆಲಸ ಸೊನ್ನೆ

ಉದಯಕುಮಾರ ಸರ್ ಪಾಠದ ನಡುವೆ ಚಾಕ್‌ಪೀಸನ್ನು ಬಾಗಿಲ ಕಡೆ ತಿರುಗಿಸಿದರು.

"ಅಲ್ಲಿ ನೋಡ್ರಿ. ಹನುಮಂತಮ್ಮ ಹೊಂಟಾಳ. ತಲಿ ಮ್ಯಾಲ ಕೊಡ. ನೆಲ ಸಮತಟ್ಟ. ಬಲ ಮ್ಯಾಲಕ್ಕ, ಸ್ಥಾನಪಲ್ಲಟ ಮುಂದಕ್ಕ. ಎರಡರ ನಡುವ ತೊಂಬತ್ತು ಡಿಗ್ರಿ. ಹಂಗಾರ ಹನುಮಂತಮ್ಮ ಮಾಡಿದ ಕೆಲಸ ಎಷ್ಟು?"

ಒಂಬತ್ತನೇ ತರಗತಿಯ ಅರವತ್ತು ಗಂಟಲು ಒಮ್ಮೆಲೇ ಕೂಗಿದವು.

"ಸೊನ್ನೆ!"

"ಎಂಟು ತಿಂಗಳಿಂದ ದಿನಾಲೂ ಹೊರಾಕತ್ತಾಳ. ಒಟ್ಟು ಎಷ್ಟು?"

"ಸೊನ್ನೆ!"

"ಶಾಬಾಸ್. ಪರೀಕ್ಷಾದಾಗ ಈ ಪ್ರಶ್ನೆ ಬಂತಂದ್ರ ಹನುಮಂತಮ್ಮನ ನೆನಸ್ರಿ. ಓದದೇ ಕುಂತ್ರ ನೀವೂ ಆಕಿಯಂಗ ಜೀವನಪೂರ್ತಿ ಸೊನ್ನೆ ಕೆಲಸ ಮಾಡ್ಕೋತ ಇರ್ತೀರಿ."

ನಗು ಎದ್ದಿತು. ಬೆಂಚು ಕುಟ್ಟಿದರು.

ಹನುಮಂತಮ್ಮ ಪಡಸಾಲೆಯಲ್ಲಿ ನಿಂತಳು. ಹದಿನೈದು ಲೀಟರಿನ ಕೊಡ ನೆತ್ತಿ ಒತ್ತುತ್ತಿತ್ತು. ಕುತ್ತಿಗೆಯ ನರ ಜಗ್ಗುತ್ತಿತ್ತು. ತುಳುಕಿದ ನೀರಿಗೆ ಕುಪ್ಪಸದ ಬೆನ್ನು ತೊಯ್ದಿತ್ತು. ಸೊನ್ನೆ ಇಷ್ಟು ಭಾರ ಇರುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ. ಸಂಡಾಸದ ಕಡೆ ನಡೆದಳು.

ಮಧ್ಯಾಹ್ನದೊಳಗೆ ಹುಡುಗರು ಆಕೆಗೆ ಹೊಸ ಹೆಸರು ಇಟ್ಟಾಗಿತ್ತು. ಸೊನ್ನೆವ್ವ.

ಉದಯ ಸರ್ ಟ್ಯೂಷನ್ ಇದ್ದದ್ದು ರಾಯಚೂರಿನ ಸ್ಟೇಶನ್ ರೋಡಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಎಂಟನೇತ್ತೆ, ಒಂಬತ್ತನೇತ್ತೆ, ಹತ್ತನೇತ್ತೆ. ಗಣಿತ ಮತ್ತು ವಿಜ್ಞಾನ. ನೂರಾ ಎಂಬತ್ತು ಮಕ್ಕಳು, ನಾಲ್ಕು ಸಂಡಾಸ. ನೀರಿನ ತೊಟ್ಟಿ ಕೆಳಗೆ ಅಂಗಳದಲ್ಲಿ. ನೀರು ಮೇಲೆತ್ತುವ ಮೋಟರ್ ಸುಟ್ಟು ಎಂಟು ತಿಂಗಳಾಗಿತ್ತು. ಸರ್‌ಗೆ ಅದನ್ನು ರಿಪೇರಿ ಮಾಡಿಸುವ ನೆನಪೇ ಬರಲಿಲ್ಲ. ಹನುಮಂತಮ್ಮ ಇದ್ದಳಲ್ಲ. ಆಕೆ ಸುಡುವುದಿಲ್ಲ, ಕರೆಂಟ್ ಬೇಡುವುದಿಲ್ಲ.

ಕುಡಿಯುವ ನೀರಿನ ಕ್ಯಾನನ್ನು ಮಾತ್ರ ಆಕೆ ಮುಟ್ಟುವಂತಿರಲಿಲ್ಲ. "ಅದು ಬ್ಯಾಡ ನಿನಗ, ಸಂಡಾಸ ತೊಳಿಯೋ ಕೈ" ಎಂದು ಸರ್ ಮೊದಲ ದಿನವೇ ಹೇಳಿದ್ದರು. ಕೈಯ ಮಾತಲ್ಲ ಅದು ಎಂದು ಇಬ್ಬರಿಗೂ ಗೊತ್ತಿತ್ತು. ಕೈಯ ಕೊಳೆ ಸೋಪಿಗೆ ಹೋಗುತ್ತದೆ. ಕೇರಿ ಹೋಗುವುದಿಲ್ಲ.

ಆಕೆ ಮಸರಕಲ್ಲಿನ ಕೇರಿಯವಳು. ಅಲ್ಲಿಯ ಹೈಸ್ಕೂಲಿನಲ್ಲಿ ಹತ್ತನೇತ್ತೆಯ ತನಕ ಹೋಗಿದ್ದಳು. ಒಂಬತ್ತನೇತ್ತೆಯ ಗಣಿತದಲ್ಲಿ ನೂರಕ್ಕೆ ಎಂಬತ್ತೆರಡು. ಆದರೆ ಆ ಶಾಲೆಯ ಕಸ ಕೇರಿಯ ಹುಡುಗಿಯರ ಪಾಲು. ಅರ್ಧವಾರ್ಷಿಕ ಪರೀಕ್ಷೆಯ ದಿನ ಯಾರೋ ಸಾಹೇಬರು ಬರುತ್ತಾರೆಂದು ಅಂಗಳ ಪೂರ್ತಿ ಗುಡಿಸಲು ಆಕೆಯನ್ನೇ ಹಚ್ಚಿದರು. ಗುಡಿಸಿ ಕೈ ತೊಳೆದು ಬರುವಷ್ಟರಲ್ಲಿ ಗಣಿತದ ಪರೀಕ್ಷೆ ಶುರುವಾಗಿ ಅರ್ಧ ತಾಸು. "ಟೈಮ್ ಅಂದ್ರ ಟೈಮ್" ಎಂದು ಹೆಡ್‌ಮಾಸ್ತರು ಬಾಗಿಲು ಹಾಕಿದರು. ಕಸಬರಿಗೆ ಕೊಟ್ಟದ್ದೂ ಅವರೇ, ಬಾಗಿಲು ಹಾಕಿದ್ದೂ ಅವರೇ. ಮರುದಿನದಿಂದ ಆಕೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಇದೆಲ್ಲ ಆಗಿ ಇಪ್ಪತ್ತು ವರ್ಷ.

ಹುಡುಗರು ನಕ್ಕದ್ದಕ್ಕೆ ಆಕೆಗೆ ಸಿಟ್ಟು ಬಂದಿತ್ತು. ಆದರೆ ರಾತ್ರಿ ಉಣ್ಣುವಾಗಲೂ ತಲೆಯಲ್ಲಿ ಸುತ್ತಿದ್ದು ಸಿಟ್ಟಲ್ಲ, ಲೆಕ್ಕ. ಅದು ಸೊನ್ನೆ ಹೇಗಾಗುತ್ತದೆ? ಸೊನ್ನೆಗೆ ಕುತ್ತಿಗೆ ನೋಯುತ್ತದೆಯೇ?

ಮರುದಿನ ಬೆಳಿಗ್ಗೆ ಫರ್ಹೀನಳನ್ನು ಹಿಡಿದಳು.

ಫರ್ಹೀನ್ ಮಾನ್ವಿ ಹುಡುಗಿ, ಹತ್ತನೇತ್ತೆ. ರಾಯಚೂರಿನಲ್ಲಿ ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಆ ಮನೆಯಲ್ಲಿ ಎಂಟು ಮಂದಿ, ಒಂದೇ ಕೋಣೆ. ಹೀಗಾಗಿ ಎಲ್ಲರಿಗಿಂತ ಮುಂಚೆ ಬಂದು ಟ್ಯೂಷನ್ನಿನ ಮೆಟ್ಟಿಲ ಮೇಲೆ ಕೂತು ಲೆಕ್ಕ ಬಿಡಿಸುವಳು.

"ಫರ್ಹೀನಾ, ಒಂದು ಮಾತು ಹೇಳವ್ವಾ. ಕೊಡ ಹೊತ್ತು ನಡದ್ರ ಕೆಲಸ ಸೊನ್ನಿ ಅಂತಾರಲ್ಲ ಸರ್, ಖರೇ ಏನು?"

ಹುಡುಗಿಗೆ ನಾಚಿಕೆಯಾಯಿತು. ನಿನ್ನೆಯ ನಗು ಆಕೆಯ ಕಿವಿಗೂ ಬಿದ್ದಿತ್ತು. "ಬುಕ್ಕಿನಾಗ ಹಂಗ ಅದ ಅಕ್ಕಾ. ಸಮತಟ್ಟ ನೆಲದಾಗ ನಡದ್ರ."

"ಸಮತಟ್ಟ ನೆಲದಾಗ." ಹನುಮಂತಮ್ಮ ಕೂತಿದ್ದ ಮೆಟ್ಟಿಲನ್ನು ಅಂಗೈಯಿಂದ ಬಡಿದಳು. "ಮತ್ತ ಇದೇನು? ಇದು ಸಮತಟ್ಟ ಏನು?"

ಫರ್ಹೀನ್ ಮೆಟ್ಟಿಲು ನೋಡಿದಳು. ಮೇಲೆ ನೋಡಿದಳು. ಕೆಳಗೆ ನೋಡಿದಳು. ಆಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಯಾ ಅಲ್ಲಾ! ಅಕ್ಕಾ, ಸರ್ ಮೆಟ್ಲಾನ ಬಿಟ್ಟಾರ!"

ಇಬ್ಬರೂ ಅಳೆಯಲು ಕೂತರು. ಫರ್ಹೀನಳ ಕಂಪಾಸಿನಲ್ಲಿದ್ದ ಪಟ್ಟಿ ಇಟ್ಟು ನೋಡಿದರೆ ಒಂದು ಮೆಟ್ಟಿಲು ಹದಿನೈದು ಸೆಂಟಿಮೀಟರ್. ಒಟ್ಟು ನಲವತ್ನಾಲ್ಕು ಮೆಟ್ಟಿಲು. ಎತ್ತರ ಆರು ಪಾಯಿಂಟ್ ಆರು ಮೀಟರ್.

"ಹದಿನೈದು ಲೀಟರ್ ನೀರು ಅಂದ್ರ ಹದಿನೈದು ಕೆಜಿ. ಗುರುತ್ವ ಹತ್ತು ಅಂತ ಹಿಡಿಯೂಣು."

"ಖರೇ ಎಷ್ಟದ?"

"ಒಂಬತ್ತು ಪಾಯಿಂಟ್ ಎಂಟು. ಹತ್ತು ಹಿಡದ್ರ ಲೆಕ್ಕ ಸಲೀಸು."

"ಹಿಡಿ ಹಂಗಾರ. ಒಮ್ಮೆರ ನನ್ನ ಕಡೆ ಹೆಚ್ಚು ತೂಗಲಿ."

ಒಂದು ಕೊಡಕ್ಕೆ ಒಂಬೈನೂರ ತೊಂಬತ್ತು ಜೂಲ್. ಹನುಮಂತಮ್ಮ ಕಣ್ಣರಳಿಸಿದಳು. ಫರ್ಹೀನ್ ಅಲ್ಲಿಗೇ ಬಿಡಲಿಲ್ಲ. "ಅಕ್ಕಾ, ನಿಮ್ಮ ಮೈಯನ್ನೂ ನೀವೇ ಹೊರ್ತೀರಿ. ಅದನ್ನ ಕೂಡಸಬೇಕು. ನಿಮ್ಮ ತೂಕ ಎಷ್ಟು?"

"ನಲವತ್ತೆಂಟು. ಸರ್ಕಾರಿ ದವಾಖಾನ್ಯಾಗ ತೂಗಿದ್ರು."

ಕೂಡಿಸಿದರು. ಒಂದು ಸಲ ಹತ್ತಿದರೆ ನಾಲ್ಕು ಸಾವಿರದ ನೂರಾ ಐವತ್ತೆಂಟು. ದಿನಕ್ಕೆ ಇಪ್ಪತ್ನಾಲ್ಕು ಸಲ. ಹನುಮಂತಮ್ಮ ಗುಣಾಕಾರವನ್ನು ಫರ್ಹೀನಳ ಕೈಗೆ ಕೊಡಲಿಲ್ಲ. ಗೋಡೆಯ ಮೇಲೆ ಚಾಕಿನ ತುಂಡಿನಿಂದ ತಾನೇ ಮಾಡಿದಳು. ದಶಕ ಎತ್ತಿಕೊಂಡು, ಕೆಳಗೆ ಬರೆದು, ಕೂಡಿಸಿದಳು. ಇಪ್ಪತ್ತು ವರ್ಷ ಆ ಕೈ ಗುಣಾಕಾರ ಮಾಡಿರಲಿಲ್ಲ. ಕೈ ಮರೆತಿರಲಿಲ್ಲ.

"ತೊಂಬತ್ತೊಂಬತ್ತು ಸಾವಿರದ ಏಳ್ನೂರಾ ತೊಂಬತ್ತೆರಡು," ಎಂದಳು. ಆಮೇಲೆ ಬೆರಳು ಮಡಚಿ ಹೇಳಿದಳು, "ಲಕ್ಷಕ್ಕ ಇನ್ನೂರೆಂಟು ಕಮ್ಮಿ. ನಾಳಿಗೆ ಒಂದು ಕೊಡ ಹೆಚ್ಚು ಹೊತ್ರ ಲಕ್ಷ ದಾಟಿತು ನೋಡು. ನಾ ಸೊನ್ನೆವ್ವ ಅಲ್ಲವ್ವಾ, ಲಕ್ಷವ್ವ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕೆಳಗೆ ಗೇಟಿನ ಹತ್ತಿರ ಕೂತಿದ್ದ ಮುದುಕ ವಾಚ್‌ಮನ್ ಖಾಸಿಂ ಸಾಬ್ ಕತ್ತೆತ್ತಿ, "ಏನಾತವ್ವಾ, ಲಾಟರಿ ಹತ್ತಿತೇನು?" ಎಂದು ಕೇಳಿದ.

"ಹೌದು ಚಾಚಾ. ಜೂಲಿನ ಲಾಟರಿ."

ಅಂದಿನಿಂದ ಹನುಮಂತಮ್ಮನಿಗೆ ಲೆಕ್ಕದ ಹುಚ್ಚು ಹಿಡಿಯಿತು. ಕಸದ ಬುಟ್ಟಿಯಲ್ಲಿ ಪ್ರಶ್ನೆಯ ಹಾಳೆಗಳು ದಿನಾ ಬೀಳುತ್ತಿದ್ದವು. ಮಕ್ಕಳು ತಪ್ಪು ಮಾಡಿ ಹರಿದು ಎಸೆದವು. ಆಕೆ ಅವನ್ನು ಆರಿಸಿ, ಜೋಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ಮುರುಕು ಚಾಕಿಗೂ ಬರವಿರಲಿಲ್ಲ. ಸಂಡಾಸದ ಟೈಲ್ಸ್ ಗೋಡೆ ಒಳ್ಳೇ ಹಲಗೆಯಾಯಿತು. ಬರೆಯುವಳು, ಬಿಡಿಸುವಳು, ತೊಳೆಯುವಳು. ಮತ್ತೆ ಬರೆಯುವಳು. ಆ ದಿನಗಳಲ್ಲಿ ಉದಯ ಸರ್ ಟ್ಯೂಷನ್ನಿನ ಸಂಡಾಸದ ಗೋಡೆಗಳು ಹೊಳೆದಷ್ಟು ಇಡೀ ಸ್ಟೇಶನ್ ರೋಡಿನಲ್ಲಿ ಯಾವುದೂ ಹೊಳೆಯಲಿಲ್ಲ.

ತಿಳಿಯದ್ದನ್ನು ಬೆಳಿಗ್ಗೆ ಫರ್ಹೀನಳಿಗೆ ಕೇಳುವಳು. ಫರ್ಹೀನಳಿಗೂ ಕೆಲವು ತಿಳಿದಿರುತ್ತಿರಲಿಲ್ಲ. ಹೇಳಿಕೊಡಲು ಹೋಗಿ ತಾನೂ ಕಲಿಯುವಳು.

"ಋಣಕ್ಕ ಋಣ ಗುಣಿಸಿದ್ರ ಧನ ಹ್ಯಾಂಗ ಆಗ್ತದ?" ಎಂದು ಒಂದು ದಿನ ಹನುಮಂತಮ್ಮ ಪಟ್ಟು ಹಿಡಿದಳು.

ಫರ್ಹೀನ್ ಬಹಳ ಹೊತ್ತು ಯೋಚಿಸಿದಳು. "ಈಗ ನೋಡ್ರಿ ಅಕ್ಕಾ. ಯಾರರ ನಿಮಗ 'ನೀ ಬರಬ್ಯಾಡ' ಅಂದ್ರು. ನೀವು 'ಬರಬ್ಯಾಡ ಅನಬ್ಯಾಡ' ಅಂದ್ರಿ. ಅಂದ್ರ ಏನಾತು?"

"ಬಂದೆ ಅಂತಾತು."

"ಹಾಂ. ಅದೇ ಧನ."

ಇದು ಹನುಮಂತಮ್ಮನಿಗೆ ಭಾಳ ಹಿಡಿಸಿತು.

ಆಕೆಯ ಗಂಡ ಮಲ್ಲೇಶ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆಯ ಕೆಲಸ. ದಿನಾ ಬೂದಿ ಬಳಿದು ಮೈಯೆಲ್ಲ ಬೂದಿ ಮಾಡಿಕೊಂಡು ಬರುವನು. ಒಂದು ಸಂಜೆ ಆತ ಕಾಲು ಚಾಚಿ ಕೂತು ಚಹಾಕ್ಕೆ ಕಾಯುತ್ತಿದ್ದ. ಹನುಮಂತಮ್ಮ ಒಲೆಯ ಮುಂದೆ ಹಾಳೆ ಹಿಡಿದು ಕೂತಿದ್ದಳು.

"ಕೇಳಿಲ್ಲಿ. ಇಬ್ರು ಹೆಂಗಸರು, ಇಬ್ರು ಗಂಡಸರು ಕೂಡಿ ಒಂದು ಹೊಲದ ಹತ್ತಿ ನಾಕು ದಿನದಾಗ ಬಿಡಿಸ್ತಾರ. ಅದೇ ಹೊಲಕ್ಕ ಮೂವರು ಹೆಂಗಸರು, ಇಬ್ರು ಗಂಡಸರು ಹೋದ್ರ ಮೂರೇ ದಿನ. ಒಬ್ಬಾಕೆ ಹೆಂಗಸು ಒಬ್ಬಾಕೆನ ಬಿಡಿಸಿದ್ರ ಎಷ್ಟು ದಿನ? ಒಬ್ಬ ಗಂಡಸು ಬಿಡಿಸಿದ್ರ ಎಷ್ಟು?"

"ಗಂಡಸರು ಬೇಗ ಬಿಡಿಸ್ತಾರ," ಎಂದ ಮಲ್ಲೇಶ, ಯೋಚನೆ ಮಾಡದೆ.

"ಹೆಂಗಸು ಹನ್ನೆರಡು ದಿನ. ಗಂಡಸು ಇಪ್ಪತ್ನಾಕು."

"ಏ, ತಪ್ಪು ಅದ."

"ಎಲ್ಲಿ ತಪ್ಪದ ತೋರಿಸು." ಹಾಳೆ ಮುಂದೆ ಹಿಡಿದಳು. "ಒಬ್ಬಾಕೆ ಹೆಂಗಸು ಹೆಚ್ಚಾಗಿದ್ದಕ್ಕ ದಿನಕ್ಕ ಎಷ್ಟು ಕೆಲಸ ಹೆಚ್ಚಾತು? ಮೂರನೇ ಒಂದರಾಗ ನಾಕನೇ ಒಂದು ಕಳಿ. ಹನ್ನೆರಡನೇ ಒಂದು. ಅದು ಆಕಿ ದಿನದ ಪಾಲು."

ಮಲ್ಲೇಶ ಹಾಳೆಯನ್ನು ತಲೆಕೆಳಗು ಮಾಡಿಯೂ ನೋಡಿದ. "ಈ ಲೆಕ್ಕ ಮಾಡಿದಾಕೆ ಹೆಂಗಸೇ ಇರಬೇಕು."

"ಮಾಡಿದ್ದು ಯಾರೇ ಇರಲಿ, ಉತ್ತರ ಅದೇ ಬರ್ತದ."

ಆತ ಹಾಳೆ ವಾಪಸ್ ಕೊಟ್ಟ. ಎದ್ದ. ಚಹಾದ ಪಾತ್ರೆ ಒಲೆಯ ಮೇಲೆ ಇಟ್ಟ. "ತಡಾ ಆಗ್ತದ ನೋಡು," ಎಂದ. "ನಂದು ಇಪ್ಪತ್ನಾಕು ದಿನದ ಲೆಕ್ಕ."

ಹೀಗೆ ನಗುತ್ತ ನಗುತ್ತ ಎರಡು ತಿಂಗಳು ಕಳೆದವು. ಆಗ ಹತ್ತನೇತ್ತೆಯವರಿಗೆ ಆಮ್ಲ, ಪ್ರತ್ಯಾಮ್ಲ, ಲವಣದ ಪಾಠ ಬಂತು.

ಅವತ್ತು ಬೆಳಿಗ್ಗೆ ಫರ್ಹೀನ್ ಸಮೀಕರಣ ಬಾಯಿಪಾಠ ಮಾಡುತ್ತಿದ್ದಳು. ಹನುಮಂತಮ್ಮ ಒಂದು ಕೊಡ ಮೇಲಿಟ್ಟು ಬಂದು ಪಕ್ಕದಲ್ಲಿ ಕೂತಳು. ಕೆಮ್ಮಿದಳು. ಆಕೆಗೆ ಕೆಮ್ಮು ಯಾವಾಗಲೂ ಇತ್ತು. ರಾಯಚೂರಿನ ಧೂಳಿನದು ಎಂದುಕೊಂಡಿದ್ದಳು.

"ಇದೇನು?"

"ಚಲುವೆ ಪುಡಿ ಅಕ್ಕಾ."

"ಚೆಲುವಿ? ಚಂದ ಹೆಸರದ."

"ಬ್ಲೀಚಿಂಗ್ ಪೌಡರ್ ಅಕ್ಕಾ. ನೀವು ಸಂಡಾಸಕ್ಕ ಹಾಕ್ತೀರಲ್ಲ. ಅದಕ್ಕ ಹೈಡ್ರೋಕ್ಲೋರಿಕ್ ಆಮ್ಲ ಕೂಡಿತಂದ್ರ ಕ್ಲೋರಿನ್ ಅನಿಲ ಬಿಡ್ತದ. ನಿನ್ನೆ ಸರ್ ಮೂರು ಸಲ ಬರೆಸ್ಯಾರ. ಪರೀಕ್ಷಾಕ್ಕ ಬರ್ತದಂತ."

"ಹೈಡ್ರೋ... ಆ ಆಮ್ಲ ಅಂದ್ರ ಯಾವುದು?"

"ಸಂಡಾಸ ತೊಳಿಯೋ ಆಸಿಡ್ ಬಾಟಲಿ ಇರ್ತದಲ್ಲ, ಅದೇ."

ಹನುಮಂತಮ್ಮ ಮೇಲಿನ ಸಂಡಾಸದ ಕಡೆ ತಿರುಗಿ ನೋಡಿದಳು.

ಮೂರು ವರ್ಷದಿಂದ ವಾರಕ್ಕೆ ಎರಡು ಸಲ ಆಕೆ ಅವೆರಡನ್ನೂ ಒಂದೇ ಬಕೆಟ್ಟಿನಲ್ಲಿ ಹಾಕುತ್ತಿದ್ದಳು. ಹಾಕು ಎಂದವರು ಉದಯ ಸರ್. "ಎರಡೂ ಕೂಡಿಸು, ಹಾಲಿನಂಗ ಬೆಳ್ಳಗ ಆಗ್ತದ." ಹಾಕಿದ ಕೂಡಲೆ ಹಳದಿ ಹಸಿರು ಹೊಗೆಯಂಥದು ಏಳುತ್ತಿತ್ತು. ಮೂಗಿನ ಒಳಗೆ ಸೂಜಿ. ಕಣ್ಣಲ್ಲಿ ಮೆಣಸಿನಕಾಯಿ. ಎದೆ ಬಿಗಿದು ಗೋಡೆ ಹಿಡಿದು ಕೂರುವಳು. ಸೆರಗು ಕಟ್ಟಿಕೊಂಡು ಮತ್ತೆ ತಿಕ್ಕುವಳು. ಒಮ್ಮೆ ಅಲ್ಲೇ ಬಿದ್ದಿದ್ದಳು. ಖಾಸಿಂ ಸಾಬ್ ಎತ್ತಿ ಹೊರಗೆ ತಂದಿದ್ದ. "ಊಟ ಸರಿ ಮಾಡಂಗಿಲ್ಲ ಆಕಿ, ಅದಕ್ಕ ಚಕ್ಕರ್ ಬರ್ತದ" ಎಂದಿದ್ದರು ಸರ್.

"ಈ ಮ್ಯಾಲ ಮುಖ ಮಾಡಿದ ಬಾಣ ಯಾಕದ?" ಎಂದು ಹಾಳೆಯ ಮೇಲೆ ಬೆರಳಿಟ್ಟಳು.

"ಅನಿಲ ಅಲ್ಲಕ್ಕಾ, ಮ್ಯಾಲ ಹಾರಿ ಹೋಗ್ತದ ಅಂತ ಗುರ್ತು."

"ಎಲ್ಲಿ ಹಾರ್ತದ? ಅಲ್ಲಿ ಕಿಟಕಿ ಇಲ್ಲ. ಬಾಣ ಮ್ಯಾಲ ಹೋಗಂಗಿಲ್ಲವ್ವಾ." ತನ್ನ ಎದೆ ಮುಟ್ಟಿ ತೋರಿಸಿದಳು. "ಇಲ್ಲಿ ಬರ್ತದ."

ಫರ್ಹೀನ್ ಪುಸ್ತಕ ಮುಚ್ಚಿದಳು. "ಅಕ್ಕಾ, ಅದು ವಿಷ. ಸರ್‌ಗೆ ಗೊತ್ತು. ಬೋರ್ಡ್ ಮ್ಯಾಲ ಬರದಾರ, ವಿಷಕಾರಿ ಅನಿಲ ಅಂತ. ಕೆಳಗ ಗೆರಿ ಎಳದಾರ."

ಗೋಡೆಯ ಆ ಕಡೆ ಗೆರೆ ಎಳೆದು ಬರೆಸುವುದು. ಗೋಡೆಯ ಈ ಕಡೆ ಬಕೆಟ್ಟಿನಲ್ಲಿ ಕಲಸಿಸುವುದು. ಒಬ್ಬನೇ ಮನುಷ್ಯ. ಸೊನ್ನೆ ಅಂದಾಗ ಬಾರದಷ್ಟು ಸಿಟ್ಟು ಈಗ ಹನುಮಂತಮ್ಮನಿಗೆ ಬಂತು. ಕಾಲಿನ ಬೆರಳಿನಿಂದ ಬಂತು.

ಶನಿವಾರ ಸರ್ ಕರೆದರು. "ನಾಳಿಗೆ ಹೊಸಾ ಬ್ಯಾಚಿನ ತಂದಿ-ತಾಯಿ ಬರ್ತಾರ. ಸಂಡಾಸ ಫಳಫಳ ಅನ್ನಬೇಕು. ಎರಡೂ ಜಾಸ್ತಿ ಹಾಕಿ ತಿಕ್ಕು."

"ಕೂಡಸಂಗಿಲ್ರೀ."

"ಏನು?"

"ಆಸಿಡ್ಡೂ ಬ್ಲೀಚಿಂಗೂ ಕೂಡಸಂಗಿಲ್ಲ. ಕ್ಲೋರಿನ್ ಬರ್ತದ. ಹತ್ತನೇತ್ತಿಗೆ ನೀವೇ ಬರೆಸೀರಿ."

ಗೋಡೆ ಮಾತಾಡಿದಂತಾಯಿತು ಸರ್‌ಗೆ. ಆಮೇಲೆ ನಕ್ಕರು. "ಅದು ಪರೀಕ್ಷಾಕ್ಕ ಹೇಳೋದಬೇ. ಸಂಡಾಸಕ್ಕಲ್ಲ."

"ವಿಷಕ್ಕ ಅದು ಗೊತ್ತಾಗ್ತದೇನ್ರೀ? ಇದು ಪರೀಕ್ಷಾ, ಇದು ಸಂಡಾಸ ಅಂತ?"

"ಮೂರು ವರ್ಷದಿಂದ ಏನಾಗ್ಯದ ನಿನಗ? ಸತ್ತೀಯೇನು? ದೊಡ್ಡ ಸೈಂಟಿಸ್ಟ್ ಬಂದಳು. ಹೋಗು, ಕೆಲಸ ಮಾಡೋದು ನೋಡು."

"ಯಾವ ಕೆಲಸ್ರೀ?" ಎಂದಳು ಹನುಮಂತಮ್ಮ. ದನಿ ಏರಿಸಲಿಲ್ಲ. "ನಂದು ಸೊನ್ನಿ ಅಂದಿದ್ರಲ್ಲ."

"ಹೌದು, ಸೊನ್ನೆನೇ. ಅದನ್ನರ ಮಾಡು."

"ಆತ್ರೀ. ನಾಳಿಗೆ ಅದನ್ನೇ ಮಾಡ್ತೀನಿ."

ಭಾನುವಾರ. ಒಂಬತ್ತೂವರೆಗೆ ವಾರದ ಪರೀಕ್ಷೆಗೆ ಮಕ್ಕಳು ತುಂಬಿದರು. ತಂದೆ-ತಾಯಿಗಳು ಅಂಗಳದಲ್ಲಿ ಗುಂಪಾಗಿ ನಿಂತರು. ಮಾನ್ವಿಯವರು, ದೇವದುರ್ಗದವರು, ಹಿರೇಕೊಟ್ನೆಕಲ್ಲಿನಿಂದ ಬೈಕಿನ ಮೇಲೆ ಬಂದವರು. ಹನುಮಂತಮ್ಮ ತೊಟ್ಟಿಯಿಂದ ಕೊಡ ತುಂಬಿದಳು. ತಲೆಯ ಮೇಲೆ ಇಟ್ಟಳು. ಮೆಟ್ಟಿಲ ಕಡೆ ಹೋಗಲಿಲ್ಲ. ಗೇಟಿನ ತನಕ ನಡೆದಳು. ಗೇಟಿನಿಂದ ತೊಟ್ಟಿಗೆ ವಾಪಸ್ ಬಂದಳು. ಮತ್ತೆ ಗೇಟಿಗೆ. ಮತ್ತೆ ತೊಟ್ಟಿಗೆ. ಬೆನ್ನು ನೆಟ್ಟಗೆ, ಮುಖ ಗಂಭೀರ.

ಹತ್ತು ಗಂಟೆಯ ಹೊತ್ತಿಗೆ ಮೇಲಿನ ಸಂಡಾಸದಲ್ಲಿ ನೀರು ಮುಗಿಯಿತು. ಹತ್ತೂಕಾಲಿಗೆ ವಾಸನೆ ಶುರುವಾಯಿತು. ಹತ್ತೂವರೆಗೆ ಎಂಟನೇತ್ತೆಯ ಒಬ್ಬ ಹುಡುಗ ಪರೀಕ್ಷೆ ಬಿಟ್ಟು, ತೊಡೆ ಕೂಡಿಸಿಕೊಂಡು, ಮೆಟ್ಟಿಲು ಇಳಿದು ಹೊರಗೆ ಓಡಿದ. ಅವನ ಹಿಂದೆ ಇನ್ನಿಬ್ಬರು ಓಡಿದರು.

ಸರ್ ಬಾಲ್ಕನಿಗೆ ಬಂದು ಬಗ್ಗಿದರು. "ಏ ಹನುಮಂತಮ್ಮಾ! ಏನ್ ಮಾಡಾಕತ್ತೀ ಅಲ್ಲಿ?"

"ಸೊನ್ನಿ ಕೆಲಸ ಮಾಡಾಕತ್ತೀನ್ರೀ!" ಕೆಳಗಿನಿಂದ ಆಕೆ ಕೂಗಿದಳು. "ನೆಲ ಸಮತಟ್ಟ ಅದ! ಬಲ ಮ್ಯಾಲಕ್ಕ, ನಡಿಗಿ ಮುಂದಕ್ಕ! ತೊಂಬತ್ತು ಡಿಗ್ರಿ!"

ತಂದೆ-ತಾಯಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಬಾಲ್ಕನಿಯಲ್ಲಿ ಒಂಬತ್ತನೇತ್ತೆಯವರ ತಲೆಗಳು ಸಾಲಾಗಿ ಮೂಡಿದವು. ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಅರವತ್ತು ಗಂಟಲು ನಕ್ಕವು. ಈ ಸಲ ನಗು ಯಾರ ಮೇಲೆ ಬಿತ್ತೆಂದು ಸರ್‌ಗೆ ಕೂಡಲೆ ಗೊತ್ತಾಯಿತು.

"ಮ್ಯಾಲ ತೊಗೊಂಡು ಬಾ!"

"ಮ್ಯಾಲ ತಂದ್ರ ಸೊನ್ನಿ ಆಗಂಗಿಲ್ರೀ! ಒಂದು ಸಲಕ್ಕ ನಾಕು ಸಾವಿರದ ನೂರಾ ಐವತ್ತೆಂಟು ಜೂಲ್ ಆಗ್ತದ! ಅದನ್ನ ಒಪ್ಪಿಕೊಳ್ರಿ ಮೊದಲ!"

"ಸಂಡಾಸದಾಗ ನೀರಿಲ್ಲೇನ್ರೀ?" ಎಂದು ದೇವದುರ್ಗದಿಂದ ಬಂದ ಒಬ್ಬ ತಾಯಿ ಖಾಸಿಂ ಸಾಬನನ್ನು ಕೇಳಿದಳು. ಮಗಳನ್ನು ಸೇರಿಸಲು ಬಂದವಳು.

"ಮೋಟರ್ ಸುಟ್ಟು ಹತ್ತು ತಿಂಗಳಾತಮ್ಮಾ. ಆಕಿನೇ ಹೊತ್ತು ಹಾಕ್ತಿದ್ದಳು. ಇವತ್ತು ಹೊರಂಗಿಲ್ಲ ಅಂದಾಳ."

ಸರ್ ದಡದಡ ಇಳಿದು ಬಂದರು. "ಖಾಸಿಂ, ನೀ ಎತ್ತು."

"ನನಗ ಮೊಣಕಾಲು ಇಲ್ಲ ಸಾಬ್," ಎಂದ ಖಾಸಿಂ ಸಾಬ್, ಎರಡೂ ಮೊಣಕಾಲನ್ನು ಅಂಗೈಯಿಂದ ಮುಚ್ಚಿಕೊಂಡು.

ಎಲ್ಲರೂ ನೋಡುತ್ತಿದ್ದರು. ಸರ್ ಹನುಮಂತಮ್ಮನ ಹತ್ತಿರ ಬಂದು ಹಲ್ಲು ಕಚ್ಚಿ, ಸಣ್ಣಗೆ ಅಂದರು. "ನಿಮ್ಮಂಥವರನ್ನ ಒಳಗ ಬಿಟ್ಟಿದ್ದೇ ತಪ್ಪು. ಎಲ್ಲಿರಬೇಕೋ ಅಲ್ಲಿರಬೇಕು."

ಹನುಮಂತಮ್ಮ ಕೊಡ ಇಳಿಸಿದಳು. ಅವರ ಬೂಟಿನ ಮುಂದೆ ಇಟ್ಟಳು. ಸಣ್ಣಗೆ ಅಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಮ್ಮಂಥವರು ಅಂದ್ರ ಯಾರು ಅಂತ ಜೋರಾಗಿ ಹೇಳ್ರಿ ಸರ್. ಇವರೆಲ್ಲ ಕೇಳಲಿ. ನಾ ಹೊರಂಗಿಲ್ಲ. ವಿಷ ಕಲಸಂಗಿಲ್ಲ. ನಿಮಗ ನೀರು ಬೇಕಾದ್ರ ನೀವು ಹೊರ್ರಿ. ಭಾಳ ಹಗರು ಅದ. ಸೊನ್ನಿ."

ಸರ್ ಅತ್ತ ನೋಡಿದರು, ಇತ್ತ ನೋಡಿದರು. ಯಾರೂ ಮುಂದೆ ಬರಲಿಲ್ಲ. ಬಗ್ಗಿ ಕೊಡ ಎತ್ತಿದರು. ತಲೆಯ ಮೇಲೆ ಇಟ್ಟುಕೊಳ್ಳಲು ಬಾರದೆ ಎದೆಗೆ ಅಪ್ಪಿಕೊಂಡರು. ಇಸ್ತ್ರಿ ಅಂಗಿಯ ತುಂಬ ನೀರು. ಅರ್ಧ ಹತ್ತಿ, ಮೊದಲ ಮಹಡಿಯಲ್ಲಿ ನಿಂತು ಉಸಿರು ಬಿಟ್ಟರು. ಮೇಲಿನಿಂದ ಯಾವುದೋ ಹುಡುಗ ಕೂಗಿದ.

"ಸರ್, ಇನ್ನಾ ಎತ್ತರ ಮೂರು ಪಾಯಿಂಟ್ ಮೂರೇ ಮೀಟರ್ ಆಗ್ಯದ್ರೀ!"

ಆ ಲೆಕ್ಕ ಆ ಹುಡುಗನಿಗೆ ಹೇಗೆ ಗೊತ್ತಾಯಿತು ಎಂದು ಮೆಟ್ಟಿಲ ಮೇಲೆ ಕೂತಿದ್ದ ಫರ್ಹೀನಳನ್ನು ಕೇಳಿದರೆ, ಆಕೆ ಆಕಾಶ ನೋಡುತ್ತಿದ್ದಳು.

ಅಂದೇ ಸಂಜೆ ಸರ್ ಹನುಮಂತಮ್ಮನಿಗೆ, ನಾಳೆಯಿಂದ ಬರಬೇಡ ಎಂದರು. ಇದು ಆಕೆಗೆ ಗೊತ್ತಿದ್ದದ್ದೇ. ಸ್ಟೇಶನ್ ರೋಡಿನಲ್ಲಿ ಆರು ದಿನ ಕೆಲಸ ಕೇಳಿಕೊಂಡು ತಿರುಗಿದಳು. ಎಲ್ಲ ಕಡೆ ಸರ್ ಫೋನು ಆಕೆಗಿಂತ ಮೊದಲೇ ಮುಟ್ಟಿತ್ತು. ಏಳನೇ ದಿನ ಊರ ಹೊರಗಿನ ಅಕ್ಕಿ ಗಿರಣಿಯಲ್ಲಿ ನೆಲ್ಲು ಹರವುವ ಕೆಲಸ ಸಿಕ್ಕಿತು. ಉರಿಬಿಸಿಲು, ಕಾಲು ಸುಡುವ ಸಿಮೆಂಟಿನ ಕಣ. ಆದರೆ ಬಯಲು ಗಾಳಿ. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ಇಳಿಯಿತು.

ಟ್ಯೂಷನ್ನಿನ ಮೋಟರ್ ಮರುದಿನವೇ ರಿಪೇರಿಯಾಗಿತ್ತು. ಹತ್ತು ತಿಂಗಳು ಆಗದ್ದು ಎರಡು ತಾಸಿನಲ್ಲಿ ಆಯಿತು ಎಂದು ಖಾಸಿಂ ಸಾಬ್ ಬಂದು ಹೇಳಿದ. ಸಂಡಾಸದ ಬಾಗಿಲ ಮೇಲೆ ಯಾರೋ ಮಾರ್ಕರಿನಿಂದ ಚಲುವೆ ಪುಡಿಯ ಸಮೀಕರಣ ಬರೆದು, ಕೆಳಗೆ "ಕೂಡಿಸಬ್ಯಾಡ್ರಿ" ಎಂದು ಬರೆದಿದ್ದರಂತೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲವಂತೆ. ಹೊಸದಾಗಿ ಬಂದ ಕೆಲಸದಾಕೆ ಸೌಭಾಗ್ಯ ಅದನ್ನು ಓದಿ, ಎರಡು ಬಕೆಟ್ ಬೇರೆ ಬೇರೆ ಮಾಡಿದ್ದಳಂತೆ.

ಫರ್ಹೀನ್ ಭಾನುವಾರ ಭಾನುವಾರ ಗಿರಣಿಗೆ ಬರತೊಡಗಿದಳು. "ಅಕ್ಕಾ, ಹದಿನೈದು ವರ್ಷ ದಾಟಿದವರು ಯಾರು ಬೇಕಾದ್ರೂ ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಬರಿಬಹುದು. ಫಾರ್ಮ್ ತಂದೀನಿ."

"ನನಗ ಮೂವತ್ತಾರವ್ವಾ."

"ಮೂವತ್ತಾರು ಹದಿನೈದಕ್ಕಿಂತ ದೊಡ್ಡದೋ ಸಣ್ಣದೋ?"

ಹನುಮಂತಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಸಹಿ ಮಾಡಿದಳು.

ಗಣಿತ, ವಿಜ್ಞಾನ ಕೈಯೊಳಗಿದ್ದವು. ಇಂಗ್ಲಿಷ್ ಮಾತ್ರ ಹುಲಿಯಾಗಿತ್ತು. ಬೂದಿ ಮೈಯ ಮಲ್ಲೇಶ ಪುಸ್ತಕ ಹಿಡಿದು ಸ್ಪೆಲ್ಲಿಂಗ್ ಕೇಳುವನು. ಆತನಿಗೆ ಓದಲು ಬಾರದ್ದರಿಂದ ಆಕೆ ಏನು ಹೇಳಿದರೂ "ಬರೋಬ್ಬರ್, ಸರಿ ಅದ" ಅನ್ನುವನು.

ಪರೀಕ್ಷೆಯ ದಿನ ಆಕೆ ಕೋಣೆಯ ಬಾಗಿಲಲ್ಲಿ ನಿಂತಾಗ ಮೇಲ್ವಿಚಾರಕಿ ತಲೆ ಎತ್ತದೆ ಅಂದರು, "ಕಸ ಆಮ್ಯಾಲ ಹೊಡಿಯವ್ವಾ. ಪರೀಕ್ಷಾ ಶುರು ಆಗ್ತದ."

"ಹೌದ್ರೀ, ಶುರು ಆಗ್ತದ. ನನ್ನ ಬೆಂಚು ಯಾವುದ್ರೀ?"

ಮೇಲ್ವಿಚಾರಕಿ ತಲೆ ಎತ್ತಿದರು. ಹಾಲ್ ಟಿಕೆಟ್ ನೋಡಿದರು. ಕಿವಿ ಕೆಂಪಾಯಿತು. "ಬರ್ರಿ ಬರ್ರಿ. ಮೂರನೇ ಸಾಲು, ಕಿಟಕಿ ಕಡೆ."

ಹನುಮಂತಮ್ಮ ಕಿಟಕಿ ಕಡೆ ಹೋಗಿ ಕೂತಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತ ಎಂಬತ್ತಾರು. ವಿಜ್ಞಾನ ಎಪ್ಪತ್ತೊಂದು. ಇಂಗ್ಲಿಷ್ ಮೂವತ್ತೇಳು. ಪಾಸು. ಫರ್ಹೀನಳದು ನೂರಕ್ಕೆ ತೊಂಬತ್ನಾಲ್ಕು. ಇಬ್ಬರೂ ಗಿರಣಿಯ ಕಣದಲ್ಲಿ ನೆಲ್ಲಿನ ಮೇಲೆ ಕುಣಿದಾಡಿದರು. ಯಾರೋ ಹೇಳಿ, ಒಂದು ಪೇಪರಿನವರು ಬಂದು ಹನುಮಂತಮ್ಮನ ಫೋಟೋ ತೆಗೆದು ಹಾಕಿದರು.

ನಾಲ್ಕು ದಿನಕ್ಕೆ ಖಾಸಿಂ ಸಾಬ್ ಏದುಸಿರು ಬಿಡುತ್ತ ಬಂದ. "ಹನುಮಂತಮ್ಮಾ, ಬಾ, ನೋಡು ಬಾ. ನೀ ನಗ್ತೀಯೋ ಅಳ್ತೀಯೋ ಗೊತ್ತಿಲ್ಲ."

ಸ್ಟೇಶನ್ ರೋಡಿನಲ್ಲಿ ಬಟ್ಟೆ ಅಂಗಡಿಯ ನೆತ್ತಿಯ ಮೇಲೆ ಹೊಸ ಫ್ಲೆಕ್ಸ್. ಉದಯ ಸರ್ ಕ್ಲಾಸಿನ ಸಾಧಕರು. ಮೊದಲನೇ ಸಾಲಿನಲ್ಲಿ ಫರ್ಹೀನ್. ಅದರ ಕೆಳಗೆ, ಎಲ್ಲರಿಗಿಂತ ದೊಡ್ಡದಾಗಿ, ಪೇಪರಿನಿಂದ ತೆಗೆದ ಹನುಮಂತಮ್ಮನ ಮುಖ. "ನಮ್ಮ ಹೆಮ್ಮೆಯ ವಿದ್ಯಾರ್ಥಿನಿ ಶ್ರೀಮತಿ ಹನುಮಂತಮ್ಮ. ಗಣಿತ 86." ಪಕ್ಕದಲ್ಲಿ ಕೈ ಕಟ್ಟಿ ನಗುತ್ತಿರುವ ಉದಯ ಸರ್.

ಹನುಮಂತಮ್ಮ ನಕ್ಕಳು. ಬಹಳ ಹೊತ್ತು ನಕ್ಕಳು. ಆಮೇಲೆ ಪಕ್ಕದ ಅಂಗಡಿಯಲ್ಲಿ ಒಂದು ಬ್ಲೇಡು ಕೊಂಡಳು. ಫ್ಲೆಕ್ಸ್ ಕಟ್ಟಿದವರ ಏಣಿ ಇನ್ನೂ ಗೋಡೆಗೆ ಒರಗಿತ್ತು.

"ಚಾಚಾ, ಏಣಿ ಹಿಡೀರಿ."

"ನಾ ಏನೂ ನೋಡಿಲ್ಲ. ಕಣ್ಣಾಗ ಪೊರಿ ಬಂದದ," ಎಂದ ಖಾಸಿಂ ಸಾಬ್, ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು.

ಫರ್ಹೀನ್ ಓಡಿ ಬಂದಳು. "ಅಕ್ಕಾ, ನಂದೂ ಕತ್ತರಿಸ್ರಿ!"

"ನೀ ಅಲ್ಲಿ ಬೆಂಚಿನ ಮ್ಯಾಲ ಕುಂತು ಓದೀಯವ್ವಾ. ನಿಂದು ಇರಲಿ."

ರಸ್ತೆಯ ಮಂದಿ ನಿಂತು ನೋಡಿದರು. ಆಟೋಗಳು ನಿಂತವು. ಸರ್ ಬಾಲ್ಕನಿಗೆ ಬಂದರು. ಈಗ ಅವರೂ ಏಣಿಯ ತುದಿಯಲ್ಲಿದ್ದ ಆಕೆಯೂ ಒಂದೇ ಎತ್ತರದಲ್ಲಿದ್ದರು.

"ಹನುಮಂತಮ್ಮಾ, ಏನಿದು? ನಿನಗ ಮರ್ಯಾದಿ ಕೊಟ್ಟು ಹಾಕೀವಿ! ಇಲ್ಲೇ ಕಲ್ತಿಲ್ಲೇನು ನೀ? ಸುಳ್ಳೇನು?"

"ಇಲ್ಲೇ ಕಲ್ತೀನ್ರೀ, ಖರೇ," ಎಂದಳು ಆಕೆ, ಬ್ಲೇಡು ಎಳೆಯುತ್ತ. "ನೀವು ಕಲಿಸಿಲ್ಲ. ಅದೂ ಖರೇ."

ಫ್ಲೆಕ್ಸ್ ಚರ್ ಎಂದಿತು. ತನ್ನ ಮುಖವನ್ನು ಚೌಕವಾಗಿ ಕತ್ತರಿಸಿ, ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಇಳಿದಳು. ಮಂದಿ ಚಪ್ಪಾಳೆ ಹೊಡೆದರು. ಆಕೆ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದಳು. ಸರ್ ಪಕ್ಕದಲ್ಲಿ ದೊಡ್ಡ ತೂತು. ಆದರೆ ತೂತಿನ ಕೆಳಗೆ ಹೆಸರು ಇನ್ನೂ ಇತ್ತು. ಹನುಮಂತಮ್ಮ. ಗಣಿತ 86.

"ತಡೀರಿ ಚಾಚಾ, ಏಣಿ ತೆಗಿಬ್ಯಾಡ್ರಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹತ್ತಿದಳು.